ಖಾಯಂ ಹೊಲ

ಮೂಡಲಗಿ
೨೧ ಅಕ್ಟೋಬರ್ ೨೦೨೪

ಹಾಗಂತ ನಾನು ನಿನ್ನ ಕೆಲಸವನ್ನು ಸಣ್ಣದು ಅನ್ನುತ್ತಿಲ್ಲ ಅರ್ಚನಾ. ನಿನ್ನೆ ಹುಕ್ಕೇರಿ ಸ್ಟ್ಯಾಂಡಿನಲ್ಲಿ ಇದನ್ನೇ ಹೇಳುತ್ತಿದ್ದೆ, ಅಷ್ಟರಲ್ಲಿ ಗೋಕಾಕದ ಬಸ್ಸು ಬಂತು, ನೀನು ಏನೋ ಅಂದೆ, ನನಗೆ ಕೇಳಲಿಲ್ಲ, ನಾನು ಹೂಂ ಅಂದು ಹತ್ತಿಬಿಟ್ಟೆ. ಕಿವಿ ಹೋದವನಿಗೆ ಫೋನೂ ಒಂದೇ, ಬಾಗಿಲ ಚಿಲಕವೂ ಒಂದೇ. ಅದಕ್ಕೇ ಈ ಕಾಗದ.

ನನ್ನ ಮಾತು ಇಷ್ಟೇ. ಸಂಕೇಶ್ವರದ ಆ ಹೈಸ್ಕೂಲ್ ಸಾಲಿಯ ಆಫೀಸಿನ ನೌಕರಿ ಚಲೋದು. ದನದ ದವಾಖಾನೆಯಲ್ಲಿ ನನ್ನ ಜತೆ ಇದ್ದ ಅಲ್ಲಪ್ಪನ ಅಳಿಯ ಅಲ್ಲಿ ಹೆಡ್ ಕ್ಲಾರ್ಕು. ಅವನಿಗೆ ನಾನೇ ಹೇಳಿಟ್ಟಿದ್ದೇನೆ. ಡಿಸೆಂಬರಿಗೆ ಬಾ ಅನ್ನುತ್ತಾರೆ. ತಿಂಗಳು ತುಂಬಿದರೆ ಪಗಾರ. ರೆಗ್ಯುಲರ್ ಇನ್‌ಕಮ್ ಈಸ್ ಲೈಕ್ ರೆಗ್ಯುಲರ್ ಪಲ್ಸ್. ಇದು ಗೋಕಾಕದ ಕಾಲೇಜಿನಲ್ಲಿ ಕಲಿತದ್ದೋ, ಎಮ್ಮೆಯ ನಾಡಿ ಹಿಡಿದು ಕೂತಾಗ ನಾನೇ ಕಟ್ಟಿದ್ದೋ, ಈಗ ನೆನಪಿಲ್ಲ.

ನಿನ್ನ ಅವ್ವ ನನ್ನ ಕಿವಿಯ ಬುಡಕ್ಕೆ ಬಂದು ಕೂಗಿದಳು: “ಇಕೀದು ಒಂದ ತಿಂಗಳ ಹೋಳಿಗಿ, ಒಂದ ತಿಂಗಳ ನುಚ್ಚ. ನುಚ್ಚಿನ ಚಿಂತಿ ನನಗಿಲ್ಲೋ ಮಾಳಪ್ಪ. ಯಾ ತಿಂಗಳ ಯಾವ್ದ ಅಂತ ಮೊದ್ಲ ಗೊತ್ತಾದ್ರ ಸಾಕ.” ಅಕ್ಕ ಎಂದೂ ದೂರಿದವಳಲ್ಲ. ಆದ್ದರಿಂದ ಹೆದರಿಕೆಯಾಯಿತು.

ನಿನ್ನ ಋಣ ನನ್ನ ಮೇಲೆ ಇದೆ, ಅದಕ್ಕೆ ಇಷ್ಟು ಬಾಯಿ ಹಾಕುತ್ತೇನೆ. ನಿನ್ನ ಅತ್ತಿ ಯಮನವ್ವ ಬೆಳಗಾವಿಯಲ್ಲಿ ಹಾಸಿಗೆ ಹಿಡಿದಾಗ ಡಾಕ್ಟರು ಕೊಟ್ಟ ಇಂಗ್ಲಿಷ್ ಕಾಗದಗಳನ್ನೆಲ್ಲ ನೀನು ಬಾಜೂ ಕೂತು ನಮ್ಮ ಮಾತಿಗೆ ತಂದೆ. ನಾನು ಎರಡು ವರ್ಷ ಬಿ.ಎ. ಕಂಡವನು, ಆ ಕಾಗದ ಹಿಡಿದು ಮೊದಲ ಸಾಲಿನಲ್ಲೇ ಬೆವರುತ್ತಿದ್ದೆ. ಅವಳು ಎಲ್ಲ ಕೇಳಿಸಿಕೊಂಡು, “ಈಗ ನನ್ನ ಜಡ್ಡ ನಂದಾತ ನೋಡ್ರಿ” ಅಂದಳು. ಅಲ್ಲಿಯವರೆಗೆ ಅದು ಡಾಕ್ಟರ ಜಡ್ಡಾಗಿತ್ತು.

ಮದುವೆಯ ಮಾತು ಎತ್ತುವುದಿಲ್ಲ ಅಂತ ಅವಳ ಎದುರೇ ನಿನಗೆ ಮಾತು ಕೊಟ್ಟಿದ್ದೇನೆ. ಎತ್ತಿಲ್ಲ, ಎತ್ತುವುದೂ ಇಲ್ಲ. ನೌಕರಿಯ ಮಾತು ಎತ್ತಬೇಡ ಅಂತ ನೀನು ಹೇಳಿಲ್ಲ.

ನಿನ್ನ ಮಾಮಾ
ಮಾಳಪ್ಪ


ಹುಕ್ಕೇರಿ
೨೬ ಅಕ್ಟೋಬರ್ ೨೦೨೪

ಮಾಮಾನಿಗೆ ಅರ್ಚನಾಳ ನಮಸ್ಕಾರ.

ಅವತ್ತು ಸ್ಟ್ಯಾಂಡಿನಲ್ಲಿ ನಾನು ಅಂದದ್ದು, “ಮಾಮಾ, ಅದು ಗೋಕಾಕದ್ದಲ್ಲ, ಘಟಪ್ರಭಾದ್ದು” ಅಂತ. ನೀವು ಮನೆ ಮುಟ್ಟಿದ್ದು ಕಾಗದ ಬಂದ ಮೇಲೆಯೇ ಖಾತ್ರಿಯಾಯಿತು. ಅವ್ವ ಎರಡು ದಿನ ಬಾಗಿಲಲ್ಲೇ ಕೂತಿದ್ದಳು.

ನೌಕರಿಯ ವಿಷಯ. ನವೆಂಬರ್ ಇಪ್ಪತ್ತೈದರೊಳಗೆ ಉತ್ತರ ಹೇಳಬೇಕಂತೆ. ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ಕೆಲಸ ಹೇಗೆ ಬರುತ್ತದೆ ಅಂತ ನೀವು ತಿಳಿಯಬೇಕು. ಕೊಲ್ಹಾಪುರದ ಕಂಪನಿಗಳವರು ಪಂಪಿನ ಕಾಗದ, ದನದ ಔಷಧದ ಚೀಟಿ, ಹಿಂಡಿ ಚೀಲದ ಮೇಲಿನ ಬರಹ, ಇವನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕಳಿಸುತ್ತಾರೆ. ಗೋಕಾಕದ ಕಾಶಿನಾಥ ಅವರ ಪ್ರೆಸ್ಸಿನಲ್ಲಿ ಅವು ಕನ್ನಡದಲ್ಲಿ ಅಚ್ಚಾಗುತ್ತವೆ. ಕನ್ನಡ ಮಾಡುವವಳು ನಾನು. ನನ್ನ ವರ್ಷದ ಅರ್ಧ ಕೆಲಸ ಅವರಿಂದಲೇ. ಮೂರು ವಾರ ಫೋನು ಸುಮ್ಮನಿರುತ್ತದೆ. ಆಮೇಲೆ ಮೂರು ದಿನದಲ್ಲಿ ಎಲ್ಲ ಬೇಕು ಅನ್ನುತ್ತಾರೆ. ಅವರದೂ ತಪ್ಪಿಲ್ಲ, ಮೇಲಿನವರು ಅವರಿಗೂ ಹಾಗೇ ಮಾಡುತ್ತಾರೆ.

ಹೆಚ್ಚು ದುಡ್ಡು ನಾನು ಕೇಳುತ್ತಿಲ್ಲ ಮಾಮಾ. ತಿಂಗಳ ಮೊದಲ ದಿನ, ಈ ತಿಂಗಳ ಕೊನೆಗೆ ಕೈಯಲ್ಲಿ ಇಷ್ಟಿರುತ್ತದೆ ಅಂತ ಗೊತ್ತಿರಬೇಕು, ಅಷ್ಟೇ. ಆದರೆ ಈ ಕೆಲಸ ಬಿಡಲು ಮನಸ್ಸಿಲ್ಲ. ಮೊನ್ನೆ ಸಂತೆಯಲ್ಲಿ ಒಬ್ಬ ಅಜ್ಜ ಔಷಧದ ಚೀಟಿಯನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ನನ್ನ ವಾಕ್ಯ. ಒಂದು ಕಡೆಯೂ ಎಡವಲಿಲ್ಲ. ಬಾಳೆಹಣ್ಣಿನ ಬುಟ್ಟಿಯ ಹಿಂದೆ ನಿಂತು ಪೂರ್ತಿ ಕೇಳಿದೆ.

ಈಗ ಕೈತುಂಬ ಕೆಲಸ ಇದೆ, ಚಿಂತೆ ಬೇಡ.

ನಿಮ್ಮ ಸಾಲುಗಳು ಯಾಕೆ ಕೆಳಗೆ ಜಾರುತ್ತವೆ? ಮೊದಲು ಹಾಗಿರಲಿಲ್ಲ. ಕಣ್ಣು ತೋರಿಸಿದಿರಾ?

ಅರ್ಚನಾ


ಮೂಡಲಗಿ
೪ ನವೆಂಬರ್ ೨೦೨೪

ಅರ್ಚನಾ,

ಹಬ್ಬ ಆಯಿತು. ಒಬ್ಬನಿಗೆ ಎಷ್ಟು ಕರಿದರೂ ಕಡಬು ಉಳಿಯುತ್ತದೆ. ಓಣಿಯ ಮಂದಿಗೆ ಹಂಚಿದೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬಾಳೆಹಣ್ಣಿನ ಬುಟ್ಟಿಯ ಹತ್ತಿರ ಬಂದಾಗಲೆಲ್ಲ ನಿಂತೆ. ನೌಕರಿಯ ಬಗ್ಗೆ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಾರಿ ಅಂತ ಒಂದು ಶಬ್ದ ಇದೆ, ಕಾಲೇಜಿನಲ್ಲಿ ಅದರ ಜತೆ ಇನ್ನೇನೋ ಸೇರಿಸಿ ಹೇಳಬೇಕು ಅಂತ ಕಲಿಸಿದ್ದರು, ಆ ಇನ್ನೇನೋ ಮರೆತಿದೆ.

ನನಗೆ ನಮ್ಮ ಅಪ್ಪ ನೆನಪಾದ. ಅವನದೂ ನಿನ್ನಂಥದೇ ಸಂಸಾರ. ಮಮದಾಪುರದಿಂದ ಕುರಿ ಹೊಡೆದುಕೊಂಡು ಹೊರಟರೆ ಇವತ್ತು ಯಾರ ಹೊಲ, ನಾಳೆ ಯಾರ ಹೊಲ ಅಂತ ಗೊತ್ತಿರುತ್ತಿರಲಿಲ್ಲ. ರಾತ್ರಿ ಕುರಿ ಮಲಗಿದ ಹೊಲಕ್ಕೆ ಹಿಕ್ಕೆಯ ಗೊಬ್ಬರ, ನಮಗೆ ಅದರ ಬದಲು ಜೋಳ. ಕರೆದರೆ ಊಟ, ಕರೆಯದಿದ್ದರೆ ಉಪವಾಸ. ಆದರೆ ಅಪ್ಪ ಒಂದು ಉಪಾಯ ಮಾಡಿದ್ದ. ದೀಪಾವಳಿ ಮುಗಿದ ವಾರ ಮೂರು ನಾಲ್ಕು ಯಜಮಾನರ ಮನೆಗೆ ತಾನೇ ಹೋಗುತ್ತಿದ್ದ. ಕೈಯಲ್ಲಿ ಐದು ಎಲೆ, ಅಡಿಕೆ, ಒಂದು ಬಟ್ಟಲು ಕೊಬ್ಬರಿ, ಮನೆಯ ಹೆಣ್ಣುಮಗಳಿಗೆ ಒಂದು ಕುಪ್ಪಸದ ಖಣ. ಯಜಮಾನ ಎಲೆ ಹಿಡಿದನೆಂದರೆ ಅದು ಆ ವರ್ಷದ ಖಾಯಂ ಹೊಲ. ಮಳೆ ಹತ್ತಿ ಕುರಿ ನಿಲ್ಲದಿದ್ದರೂ ಜೋಳದ ಪಾಲು ತಪ್ಪುತ್ತಿರಲಿಲ್ಲ. ಬೇರೆಯವನು ಹೆಚ್ಚು ಕೊಡುತ್ತೇನೆಂದರೂ ನಾವು ಹಿಂಡು ಹೊರಳಿಸುತ್ತಿರಲಿಲ್ಲ. ಉಳಿದ ದಿನಕ್ಕೆ ದೇವರು ತೋರಿಸಿದ ಹೊಲ.

ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೆ ಅಂತ ಈಗ ಕೇಳಬೇಡ. ಒಂದು ಐಡಿಯಾ ಇದೆ. ಸೀಕ್ರೆಟ್.

ಮಾಮಾ

ಇಲ್ಲಿ ಚಳಿ ಚೆನ್ನಾಗಿ ಬಿದ್ದಿದೆ.


ಮೂಡಲಗಿ
೧೨ ನವೆಂಬರ್ ೨೦೨೪

ಅರ್ಚನಾ,

ಸೀಕ್ರೆಟ್ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಹೇಳಿಬಿಡುತ್ತೇನೆ. ನಿನ್ನೆ ಗೋಕಾಕಕ್ಕೆ ಹೋಗಿ ನಿನ್ನ ಕಾಶಿನಾಥ ಅವರನ್ನು ಕಂಡೆ. ಅಪ್ಪನ ಪದ್ಧತಿಯಲ್ಲೇ ಹೋದೆ. ಖಣಕ್ಕೆ ನಿನ್ನ ಅತ್ತಿಯ ಟ್ರಂಕು ತೆಗೆದೆ. ಹಳದಿ ಅಂಚಿನ ಆ ಹಸಿರು ಗುಳೇದಗುಡ್ಡದ್ದು ಇತ್ತು, ಮಡಿಕೆಯಲ್ಲಿ ಬೇವಿನ ಎಲೆ ಇನ್ನೂ ಇದ್ದವು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಕೂತೆ. ಅವಳಿದ್ದರೆ “ಅರ್ಚನಾಗಂದ್ರ ಒಯ್ರಿ, ಕೇಳ್ತೀರೇನ” ಅನ್ನುತ್ತಿದ್ದಳು.

ಪ್ರೆಸ್ಸಿನಲ್ಲಿ ಮಷೀನು ದಡದಡ ನಡೆದಿತ್ತು. ದೊಡ್ಡ ಮನುಷ್ಯರ ಎದುರು ಇಂಗ್ಲಿಷಿನಲ್ಲೇ ಶುರುಮಾಡೋಣ ಅಂತ ಬಸ್ಸಿನಲ್ಲಿ ತಯಾರಿ ಮಾಡಿದ್ದೆ. “ಸರ್, ಐ ಆಮ್ ಅರ್ಚನಾಸ್ ಮದರ್ಸ್ ಬ್ರದರ್. ಐ ಹ್ಯಾವ್ ಕಮ್ ಫಾರ್ ಒನ್ ಗುಡ್ ಪರ್ಪಸ್” ಅಂದೆ. ಅಲ್ಲಿಗೆ ತಯಾರಿ ಮುಗಿಯಿತು. ಎಲೆ, ಅಡಿಕೆ, ಕೊಬ್ಬರಿ ಅವರ ಕೈಗೆ ಇಟ್ಟೆ. ಹಣೆಗೆ ಅರಿಶಿನದ ಭಂಡಾರ ಹಚ್ಚಿದೆ. ಅವರ ಬಾಯಿ ಆಡುತ್ತಿತ್ತು, ನನಗೆ ಕೇಳಿಸಿದ್ದು ಮಷೀನು ಮಾತ್ರ. ಹಿಂದಿನ ಮನೆಯಿಂದ ಅವರ ಹೆಂಡತಿ ದ್ರಾಕ್ಷಾಯಿಣಿ ಬಂದರು. ಅವರಿಗೆ ಖಣ ಕೊಟ್ಟೆ. ಬಲು ಜಾಣೆ ಹೆಣ್ಣುಮಗಳು. ಮಷೀನು ಬಂದ್ ಮಾಡಿಸಿ ನನ್ನ ಕಿವಿಗೆ ಬಾಯಿ ಇಟ್ಟರು.

“ನಮ್ಮ ಅರ್ಚನಾ ಅವ್ರದ ಏನ್ರಿ ಮಾತು?”

“ಹೌದ್ರಿ ತಾಯಿ. ನೀವು ಎಲ್ಲಾ ತಿಳದವ್ರ ಅದೀರಿ.”

“ಆಕೀಗಿ ಗೊತ್ತೈತೇನ್ರಿ?”

“ಇಲ್ರಿ. ಗೊತ್ತಾದ್ರ ಖುಷಿ ಆಗ್ತಾಳ.”

“ರೊಟ್ಟಿ ಬಡೀತಾಳೇನ್ರಿ?”

ಕೆಲಸದವರನ್ನು ಎಷ್ಟು ಕಾಳಜಿಯಿಂದ ವಿಚಾರಿಸುತ್ತಾರೆ ನೋಡು! ನಿನ್ನ ವಯಸ್ಸು ಕೇಳಿದರು, ನಿನ್ನ ಅವ್ವನ ತಬ್ಯೇತ್ ಕೇಳಿದರು. ಮೂವತ್ತೆಂಟರ ಮಗ ಉಮೇಶನನ್ನು ಕರೆದು ನನ್ನ ಕಾಲಿಗೆ ಬೀಳಿಸಿದರು. ಮೇಲಿನ ಎರಡು ಖೋಲಿ ತೋರಿಸಿದರು. ನಿನಗೆ ಅಲ್ಲಿ ಟೇಬಲ್ಲು ಹಾಕಿಕೊಡುವರೇನೋ. ಕೊನೆಗೆ ಬಾಯಿಗೆ ಸಕ್ಕರೆ ಹಾಕಿದರು. ಇಂಥ ಮಂದಿಯ ಹತ್ತಿರ ಕೆಲಸ ಮಾಡುತ್ತೀ ಅಂತ ನನಗೆ ಎದೆ ತುಂಬಿ ಬಂತು.

ದ್ರಾಕ್ಷಾಯಿಣಿ ಇನ್ನೊಂದು ಮಾತೂ ಹೇಳಿದರು. ಸೆಪ್ಟೆಂಬರಿನಿಂದ ನಿನಗೆ ಕೊಡಲು ಅವರಲ್ಲಿ ಒಂದು ಹಾಳೆಯೂ ಇರಲಿಲ್ಲವಂತೆ. ನೀನು ಕೈತುಂಬ ಕೆಲಸ ಅಂದಿದ್ದೆ. ನಾನೇನೂ ಕೇಳುವುದಿಲ್ಲ.

ಮಾಮಾ


ಹುಕ್ಕೇರಿ
೧೮ ನವೆಂಬರ್ ೨೦೨೪

ಮಾಮಾ,

ನಿನ್ನೆ ಮಧ್ಯಾಹ್ನ ಕ್ರೂಸರ್ ಗಾಡಿಯಿಂದ ಏಳು ಮಂದಿ ನಮ್ಮ ಬಾಗಿಲಿಗೆ ಇಳಿದರು. ಕಾಶಿನಾಥ ಅವರು, ಅವರ ಹೆಂಡತಿ, ಹೊಸ ಅಂಗಿಯ ಮಗ, ಬಳಗ, ಹಣ್ಣಿನ ಬುಟ್ಟಿ. ಎಷ್ಟೋ ದಿನದ ಮೇಲೆ ಬಂದಿದ್ದ ಒಂದೇ ಕೆಲಸ, ಕುರಿಗಳ ಜಂತಿನ ಔಷಧದ ಚೀಟಿ, ಅದನ್ನು ಮುಗಿಸುತ್ತಿದ್ದೆ. ತಲೆ ತುಂಬ ಎಣ್ಣೆ. ಅವ್ವ ಗಾಬರಿಯಲ್ಲಿ ಚುರಮುರಿ ಸೂಸಲ ಕಲಸಿದಳು.

“ನಿಮ್ಮ ಮಾಮಾನ ಬಂದು ಎಲಿ ಅಡಕಿ ಕೊಟ್ಟ ಹೋಗ್ಯಾರಲ್ರಿ. ಹಸರ ಖಣಾ, ಹಳದಿ ಅಂಚಿಂದು” ಅಂದರು. ಆ ಖಣ ಯಾರದು ಅಂತ ನನಗೆ ಗೊತ್ತು.

ನನಗೆ ಮದುವೆ ಬೇಡ, ಕ್ಷಮಿಸಿ ಅಂದೆ. ತಟ್ಟೆ ಮುಟ್ಟದೆ ಎದ್ದರು. ಆ ಹುಡುಗನ ಮುಖ ನೋಡಲಾಗಲಿಲ್ಲ. ಇನ್ನು ಅವರಿಗೆ ನನಗೆ ಕೆಲಸ ಕೊಡಲು ಮುಖವಿಲ್ಲ, ನನಗೆ ಕೇಳಲು ಮುಖವಿಲ್ಲ.

ಅತ್ತಿಯ ಎದುರು ಕೊಟ್ಟ ಮಾತು, ಅತ್ತಿಯ ಟ್ರಂಕಿನ ಖಣ. ಎರಡನ್ನೂ ಒಂದೇ ದಿನ ಕಳೆದಿರಿ. ಸಂಕೇಶ್ವರದ ಸಾಲಿಗೆ ಹೂಂ ಅನ್ನುತ್ತೇನೆ. ನಿಮಗೆ ಬೇಕಾಗಿದ್ದೂ ಅದೇ ತಾನೆ.

ಅರ್ಚನಾ


ಮೂಡಲಗಿ
೨೧ ನವೆಂಬರ್ ೨೦೨೪

ಮಗಳೇ,

ಹನ್ನೆರಡನೇ ತಾರೀಖಿನ ನನ್ನ ಕಾಗದ ಬರಲಿಲ್ಲವೆ? ಎಲ್ಲ ಬರೆದಿದ್ದೆ. ನಾನು ಕೊಟ್ಟದ್ದು ಕುರಿಯ ಎಲೆ. ನಿನ್ನ ಕೆಲಸ ವರ್ಷಪೂರ್ತಿ ಅವರ ಹತ್ತಿರ ಖಾಯಂ ಆಗಲಿ ಅಂತ ಕೊಟ್ಟದ್ದು. ಯಮನವ್ವನ ಮೇಲೆ ಆಣೆ.

ನಿನ್ನ ಕಾಗದ ಬಂದಾಗಿನಿಂದ ಉಂಡಿಲ್ಲ. ಕೂತು ಕೂತು ಯೋಚನೆ ಮಾಡಿದೆ. ಸೋದರಮಾವ. ಎಲೆ. ಕೊಬ್ಬರಿ. ಖಣ. ಅಯ್ಯೋ ಅರ್ಚನಾ, ರೊಟ್ಟಿ ಯಾಕೆ ಕೇಳಿದರು ಅಂತ ಈಗ ತಿಳಿಯಿತು.

ನಮ್ಮ ಮನೆತನದಲ್ಲಿ ಎಲೆ ಅಂದರೆ ಹೊಲ. ಉಳಿದ ಜಗತ್ತಿಗೆ ಎಲೆ ಅಂದರೆ ಲಗ್ನ ಅಂತ ಅರವತ್ತೆಂಟು ವರ್ಷಕ್ಕೂ ನನಗೆ ಹೊಳೆಯಲಿಲ್ಲ. ನಾಳೆ ಗೋಕಾಕಕ್ಕೆ ಹೋಗಿ ಅವರ ಕಾಲು ಹಿಡಿಯಲೆ? ಹೋಗಿ ಮತ್ತೇನಾದರೂ ಕೆಡಿಸಿದರೆ ಅಂತ ಹೆದರಿಕೆ. ನೀನು ಹೇಳುವವರೆಗೂ ಮನೆ ಬಿಟ್ಟು ಕದಲುವುದಿಲ್ಲ.

ಸಾಲಿಗೆ ಹೂಂ ಅನ್ನಬೇಡ. ಸಿಟ್ಟಿನಲ್ಲಿ ಅಂತೂ ಅನ್ನಬೇಡ.

ಮಾಮಾ


ಹುಕ್ಕೇರಿ
೨೭ ನವೆಂಬರ್ ೨೦೨೪

ಮಾಮಾ,

ಮೊದಲು ಉಣ್ಣಿರಿ. ಉಂಡು ಆಮೇಲೆ ಇದನ್ನು ಓದಿರಿ.

ನಿಮ್ಮ ಹನ್ನೆರಡರ ಕಾಗದ ಶನಿವಾರ ಬಂತು. ಮೈತುಂಬ ಅಂಚೆ ಠಸ್ಸೆ. ವಿಳಾಸದ ಪಿನ್ ಕೋಡಿನಲ್ಲಿ ಮೂರರ ಜಾಗದಲ್ಲಿ ಎಂಟು ಬರೆದಿದ್ದೀರಿ. ಯಾವ ಯಾವ ಊರು ತಿರುಗಿತೋ. ಓದುತ್ತಾ ಮೊದಲು ನಾಚಿಕೆ, ಆಮೇಲೆ ಅಳು, ಉಮೇಶ ಕಾಲಿಗೆ ಬಿದ್ದಲ್ಲಿಗೆ ಬರುವಾಗ ನಗು. ಅವ್ವನಿಗೆ ಓದಿ ಹೇಳಿದೆ. “ನನ್ನ ತಮ್ಮ ಸಣ್ಣಾಂವಿದ್ದಾಗಿಂದ್ಲೂ ಹಿಂಗ” ಅಂದಳು, ಕಣ್ಣು ಒರೆಸಿಕೊಂಡಳು.

ಮರುದಿನವೇ ಆ ಕಾಗದ ಹಿಡಿದು ಗೋಕಾಕಕ್ಕೆ ಹೋದೆ. ಕಾಶಿನಾಥ ಅವರು ನನ್ನನ್ನು ನೋಡಿ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ನಿಂತೇ ಇದ್ದು ನಿಮ್ಮ ಕಾಗದ ಓದಿದೆ, ಕುರಿಯ ಕಥೆ ಹೇಳಿದೆ. ಸಕ್ಕರೆಯ ಮಾತು ಬಂದಾಗ ದ್ರಾಕ್ಷಾಯಿಣಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿದರು. ಭುಜ ಕುಣಿಯುತ್ತಿದ್ದವು.

“ನಾ ಆಗ್ಲೇ ಅಂದಿದ್ದೆ,” ಅಂದ ಉಮೇಶ, “ಅವ್ರು ನನ್ನ ಮಾರಿ ನೋಡ್ಲೇ ಇಲ್ಲ, ಬರೇ ಮಷೀನ ನೋಡಾಕತ್ತಿದ್ರು ಅಂತ.”

“ನೀ ಸುಮ್ನಿರೋ,” ಅಂದರು ಕಾಶಿನಾಥ ಅವರು. ಆಮೇಲೆ ನನಗೆ, “ಎದಕ್ಕ ಅಂತ ಕೇಳದ ಎಲಿ ಹಿಡದಾಂವ ನಾ. ಈಗ ಹೊಳ್ಳಿ ಕೊಡ್ಬೇಕೇನ್ರಿ?”

ಅಕ್ಕ ತಿರುಗಿದರು. “ಹೊಳ್ಳಿ ಹೆಂಗ ಕೊಡ್ತೀರಿ? ಖಣಾ ಹೊಲಿಯಾಕ ಹಾಕೇನಿ, ಟೇಲರ್ ಕತ್ತರಿಸ್ಯಾನ. ಎಲಿ ನೀವು ತಿಂದೀರಿ. ದೇವರ ಮುಂದ ಇಟ್ಟ ಕೊಬ್ಬರಿ ಸಾರಿಗಿ ಹಾಕೇವಿ. ಉಂಡ ಮ್ಯಾಲ ಮಾತಿಗಿ ನಿಲ್ಲೂದು. ಲಗ್ನದ್ದಲ್ಲಂದ್ರ ಹೊಲದ್ದು.”

ಹೀಗೆ ನಾನು ಖಾಯಂ ಆದೆ ಮಾಮಾ. ಈ ದೀಪಾವಳಿಯಿಂದ ಬರುವ ದೀಪಾವಳಿವರೆಗೆ. ಪ್ರತಿ ತಿಂಗಳು ಐದಕ್ಕೆ, ಕೆಲಸ ಬರಲಿ ಬಿಡಲಿ, ಮನೆ ಬಾಡಿಗೆ ಮತ್ತು ಕಿರಾಣಿ ಕಳೆಯುವಷ್ಟು. ಅಷ್ಟಕ್ಕೆ ಇಷ್ಟು ಹಾಳೆ ಅಂತ ಗೊತ್ತು ಮಾಡಿದೆವು. ಒಂದು ತಿಂಗಳು ಹಾಳೆ ಕಡಿಮೆಯಾದರೆ ಮುಂದಿನ ತಿಂಗಳು ಮಾಡಿಕೊಡುವುದು, ಹೆಚ್ಚಾದರೆ ಅದಕ್ಕೆ ಬೇರೆ. ಅವರು ತೋರಿಸಿದ ದರಕ್ಕೆ ನಾನು ಒಪ್ಪಲಿಲ್ಲ. ಅಕ್ಕ ನನ್ನ ಕಡೆ ನಿಂತರು. ದೊಡ್ಡ ದುಡ್ಡೇನಲ್ಲ. ಆದರೆ ಸೋಮವಾರ ಸಂಕೇಶ್ವರದವರಿಗೆ ಬೇಡ ಅಂತ ಹೇಳುವಾಗ ನನ್ನ ದನಿ ನಡುಗಲಿಲ್ಲ. ಕೊಲ್ಹಾಪುರದ ಇನ್ನಿಬ್ಬರನ್ನೂ ಇದೇ ರೀತಿ ಕೇಳಬೇಕೆಂದಿದ್ದೇನೆ. ಎಲೆ ಮಾತ್ರ ಒಯ್ಯುವುದಿಲ್ಲ.

ಸೆಪ್ಟೆಂಬರಿನ ವಿಷಯ ನಾನು ಮುಚ್ಚಿಟ್ಟದ್ದು ನಿಜ. ನೀವು ಮತ್ತೆ ಪಗಾರ ಅನ್ನುತ್ತೀರಿ ಅಂತ ಹೆದರಿದ್ದೆ. ಆದರೆ ನೀವು ಮುಚ್ಚಿಟ್ಟದ್ದು ಎರಡು ಕಣ್ಣು. ಚಳಿಯ ಬಗ್ಗೆ ಬರೆದು ತಪ್ಪಿಸಿಕೊಂಡಿರಿ. ಮೂರಕ್ಕೆ ಎಂಟು ಬರೆಯುವವರಿಗೆ ಬಸ್ಸಿನ ಬೋರ್ಡು ಹೇಗೆ ಕಾಣುತ್ತದೆ ಅಂತ ಈಗ ಗೊತ್ತಾಯಿತು. ಘಟಪ್ರಭಾದ ಬಸ್ಸು ಕಿವಿಯ ತಪ್ಪಲ್ಲ.

ಮುಂದಿನ ತಿಂಗಳು ಕೈಗೆ ಏನು ಬರುತ್ತದೆ ಅಂತ ಮೊದಲ ಸಲ ನನಗೆ ಗೊತ್ತಿದೆ. ಆದ್ದರಿಂದ ಮೊದಲ ಸಲ ಒಂದು ತಾರೀಖನ್ನು ಮುಂಚೆಯೇ ಹಿಡಿದಿದ್ದೇನೆ. ಜನವರಿ ಒಂಬತ್ತು, ಗುರುವಾರ, ಗೋಕಾಕದ ಕಣ್ಣಿನ ಡಾಕ್ಟರು. ಹಿಂದಿನ ದಿನ ನಾನೇ ಮೂಡಲಗಿಗೆ ಬರುತ್ತೇನೆ. ಅವರು ಕೊಡುವ ಕಾಗದವನ್ನೆಲ್ಲ ಬಾಜೂ ಕೂತು ನಮ್ಮ ಮಾತಿಗೆ ತರುತ್ತೇನೆ. ಇಲ್ಲ ಅನ್ನಬೇಡಿ.

ಸಿಟ್ಟಿನಲ್ಲಿ ಬರೆದದ್ದನ್ನು ಹರಿದುಹಾಕಿ.

ನಿಮ್ಮ
ಅರ್ಚನಾ


ಮೂಡಲಗಿ
೫ ಡಿಸೆಂಬರ್ ೨೦೨೪

ಅರ್ಚನಾ,

ಉಂಡೆ. ಎರಡು ರೊಟ್ಟಿ, ಪುಂಡಿಪಲ್ಲೆ. ಆಮೇಲೆ ಕಟ್ಟೆಗೆ ಬಂದು ಓದಿದೆ, ಬಿಸಿಲಿನಲ್ಲಿ ಅಕ್ಷರ ಸ್ವಲ್ಪ ನಿಲ್ಲುತ್ತವೆ. ಹೌದು, ಕಣ್ಣಿಗೆ ಪೊರೆ ಬಂದಿದೆ. ದೀಪದ ಬೆಳಕಿನಲ್ಲಿ ಒಂದು ಸಾಲು ಎರಡಾಗಿ ಕಾಣುತ್ತದೆ, ಎರಡರಲ್ಲಿ ಯಾವುದರ ಮೇಲೆ ಬರೆಯಲಿ ಅಂತ ತಿಳಿಯದೆ ನಡುವೆ ಬರೆಯುತ್ತೇನೆ. ನಿನಗೆ ಹೇಳಿದರೆ ನಿನ್ನ ಹೋಳಿಗೆಯ ತಿಂಗಳನ್ನು ನನ್ನ ಕಣ್ಣಿಗೆ ಸುರಿಯುತ್ತೀ, ಆಮೇಲೆ ನೀನೂ ಅಕ್ಕನೂ ನುಚ್ಚು ತಿನ್ನುತ್ತೀರಿ ಅಂತ ಸುಮ್ಮನಿದ್ದೆ. ಈಗ ನುಚ್ಚಿನ ತಿಂಗಳು ಯಾವುದು ಅಂತ ನಿನಗೆ ಮೊದಲೇ ಗೊತ್ತಿರುತ್ತದೆ. ಹಾಗಾದರೆ ಬರುತ್ತೇನೆ. ಒಂಬತ್ತನೇ ತಾರೀಖು ಗೋಡೆಯ ಮೇಲೆ ಮಸಿಯಿಂದ ದೊಡ್ಡದಾಗಿ ಬರೆದಿಟ್ಟಿದ್ದೇನೆ, ಎಂಟು ಅಂತ ಓದಿಕೊಂಡು ಒಂದು ದಿನ ಮೊದಲೇ ತಯಾರಾದರೂ ಅಡ್ಡಿಯಿಲ್ಲ, ಅವತ್ತು ನೀನೇ ಬರುತ್ತೀಯಲ್ಲ.

ಸಿಟ್ಟಿನ ಕಾಗದ ಹರಿದಿಲ್ಲ. ಯಾಕೆ ಹರಿಯಲಿ? ಅದರಲ್ಲಿ ನಿನ್ನ ಅತ್ತಿಯ ಖಣದ ಬಣ್ಣ ಇದೆ. ಈಗ ಆ ಖಣ ಗೋಕಾಕದಲ್ಲಿ ಒಬ್ಬ ನಗುವ ಹೆಣ್ಣುಮಗಳ ಮೈಮೇಲೆ ಇರುತ್ತದೆ ಅಂತ ನೆನೆದರೆ ಟ್ರಂಕಿನಲ್ಲಿ ಇದ್ದದ್ದಕ್ಕಿಂತ ಚಲೋ ಅನಿಸುತ್ತದೆ. ಆ ದ್ರಾಕ್ಷಾಯಿಣಿ ತಾಯಿಗೆ ನನ್ನ ನಮಸ್ಕಾರ ಹೇಳು. ಉಮೇಶನಿಗೂ ಹೇಳು. ಅವನಿಗೆ ನಾನೇ ಒಂದು ಹೆಣ್ಣು ಹುಡುಕಬೇಕು, ಋಣ ಇದೆ. ಬೇಡ, ನಾನು ಹುಡುಕುವುದು ಬೇಡ. ಏನಾಗುತ್ತದೋ.

ಇವತ್ತು ಐದು. ಬೆಳಿಗ್ಗೆಯಿಂದ ನಿನ್ನ ನೆನಪು. ಬಂತೇನೋ, ಅಕ್ಕ ಕಿರಾಣಿಗೆ ಹೋದಳೇನೋ ಅಂತ. ಹನ್ನೊಂದರ ಸುಮಾರು ನಾನೂ ಎದ್ದು ಅಂಗಡಿಗೆ ಹೋಗಿ ಸುಮ್ಮನೆ ಅರ್ಧ ಕಿಲೋ ಬೆಲ್ಲ ತಂದೆ. ನನ್ನ ಪೆನ್ಶನ್ ಬಂದ ದಿನವೂ ಇಷ್ಟು ಖುಷಿ ಆಗಿರಲಿಲ್ಲ. ಅದು ಬರುತ್ತದೆ ಅಂತ ಗೊತ್ತೇ ಇರುತ್ತದಲ್ಲ, ಇಷ್ಟು ವರ್ಷ ಅದಕ್ಕೊಂದು ಥ್ಯಾಂಕ್ಸ್ ಹೇಳಬೇಕು ಅಂತ ಹೊಳೆದೇ ಇಲ್ಲ. ಅಪ್ಪ ಖಾಯಂ ಹೊಲದ ಜೋಳ ಮನೆಗೆ ಬಂದ ದಿನ ಚೀಲ ಬಿಚ್ಚುವ ಮೊದಲು ಒಂದು ಹಿಡಿ ತೆಗೆದು ಆ ಹೊಲದ ಕಡೆಗೆ ತೂರುತ್ತಿದ್ದ. ಹಕ್ಕಿ ತಿನ್ನುತ್ತಿದ್ದವು. ನಾವು ಹುಡುಗರು ನಗುತ್ತಿದ್ದೆವು.

ನಮ್ಮ ಇಂಗ್ಲಿಷ್ ಮಾಸ್ತರರು ಇಂಥದಕ್ಕೆ ಒಂದು ಸಾಲು ಹೇಳುತ್ತಿದ್ದರು. ಎ ಗ್ರೇಟ್‌ಫುಲ್ ಮ್ಯಾನ್ ಈಸ್ ನೆವರ್ ಅಂತ ಶುರುವಾಗುತ್ತಿತ್ತು. ಮುಂದಿನದು ಬೆಳಿಗ್ಗೆಯಿಂದ ನೆನಪು ಮಾಡುತ್ತಿದ್ದೇನೆ, ಬರುತ್ತಿಲ್ಲ. ಬಂದರೆ ನೀನು ಕನ್ನಡ ಮಾಡುವೆಯಂತೆ, ಅದಕ್ಕೆ ದರ ಬೇರೆ. ಈಗಷ್ಟೇ ಎದ್ದು ಒಂದು ಹಿಡಿ ಜೋಳ ತಂದು ಗೋಕಾಕದ ದಿಕ್ಕಿಗೆ ತೂರಿದೆ. ಗುಬ್ಬಿಗಳೋ ಮೈನಾಗಳೋ, ಒಂದಷ್ಟು ಬಂದಿವೆ. ಯಾವುವು ಅಂತ ನೋಡೋಣವೆಂದರೆ ಕಟ್ಟೆಯ ಮೇಲೆ ಬಿಸಿಲು ಇಲ್ಲ, ಬೇವಿನ ಮರದ ತುದಿಗೆ ಹೋಗಿದೆ. ಜನವರಿಯಲ್ಲಿ ನೋಡುತ್ತೇನೆ. ಸಾಲು ಎರಡಾಗುತ್ತಿದೆ, ನಿಲ್ಲಿಸುತ್ತೇನೆ.

ಮಾಮಾ